ಆಟೋಕ್ಯಾಡ್ ಪದೇ ಪದೇ ಬಂದ್ ಬೀಳ್ತೈತಾ? ಗ್ರಾಫಿಕ್ಸ್ ಕಾರ್ಡ್‌ಗೆ ‘ಹೊಸ’ ಡ್ರೈವರ್ ಅಲ್ಲ, ‘ಸರಿಯಾದ’ ಡ್ರೈವರ್ ಹಾಕಿಸಿ

ಗೋಕಾಕ ಫಾಲ್ಸ್: ಮನೆಯ ನಕ್ಷೆ ಇನ್ನೇನು ಮುಗಿಯಬೇಕು, ಅಷ್ಟರಲ್ಲಿ ಸ್ಕ್ರೀನ್ ಒಂದು ಕ್ಷಣ ಕಪ್ಪಾಗುತ್ತದೆ. ಮತ್ತೆ ಬೆಳಕು ಬಂದಾಗ ಆಟೋಕ್ಯಾಡ್ ಮಾಯ. ಒಂದು ತಾಸಿನ ಕೆಲಸವೂ ಮಾಯ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ನಕ್ಷೆ ಬಿಡಿಸುವ ಇಂಜಿನಿಯರ್‌ಗಳು, ಟ್ರೇಲರ್ ಮತ್ತು ಗ್ರಿಲ್ ತಯಾರಿಸುವ ವರ್ಕ್‌ಶಾಪ್‌ನವರು, ಡಿಸೈನ್ ಕಲಿಯುವ ವಿದ್ಯಾರ್ಥಿಗಳು ಎಲ್ಲರಿಗೂ ಇದು ಗೊತ್ತಿರುವ ತಲೆನೋವು. ಕಂಪ್ಯೂಟರ್ ಅಂಗಡಿಗೆ ಒಯ್ದರೆ ಸಾಮಾನ್ಯವಾಗಿ ಸಿಗುವ ಉತ್ತರ ಎರಡೇ. ಒಂದು, “ಡ್ರೈವರ್ ಹಳೇದ ಆಗೈತ್ರಿ, ಹೊಸಾದ ಹಾಕ್ತೀನಿ.” ಎರಡು, “ಕಾರ್ಡ್ ಹೋಗೈತ್ರಿ, ಬೇರೆ ತಗೋರಿ.”

ಎರಡೂ ಎಷ್ಟೋ ಸಲ ತಪ್ಪು. ಕ್ಯಾಡ್ ಕೆಲಸಕ್ಕೆ ಎಲ್ಲಕ್ಕಿಂತ ಹೊಸ ಡ್ರೈವರ್ ಬೇಕಾಗಿಲ್ಲ. ತಮ್ಮ ಕಾರ್ಡ್‌ಗೂ ತಮ್ಮ ಸಾಫ್ಟ್‌ವೇರ್‌ಗೂ ಹೊಂದಿಕೆಯಾಗುತ್ತದೆ ಎಂದು ಪರೀಕ್ಷಿಸಿದ ಡ್ರೈವರ್ ಬೇಕು. ಅದನ್ನು ಆರಿಸುವುದು ಹೇಗೆ, ಕೆಟ್ಟರೆ ಹಿಂದಕ್ಕೆ ಹೋಗುವುದು ಹೇಗೆ, ಯಾವಾಗ ಬದಲಿಸಬೇಕು ಎಂಬ ವಿವರ ಇಲ್ಲಿದೆ.

ಡ್ರೈವರ್ ಅಂದರೆ ಏನು?

ಆಟೋಕ್ಯಾಡ್, ಸಾಲಿಡ್‌ವರ್ಕ್ಸ್, ರೆವಿಟ್, ಸ್ಕೆಚಪ್‌ನಂಥ ಸಾಫ್ಟ್‌ವೇರ್‌ಗಳು ಗೆರೆ, ಗೋಡೆ, ನಟ್ಟು-ಬೋಲ್ಟು ಎಲ್ಲವನ್ನೂ ಲೆಕ್ಕದ ರೂಪದಲ್ಲಿ ಇಟ್ಟುಕೊಂಡಿರುತ್ತವೆ. ಆ ಲೆಕ್ಕವನ್ನು ಚಿತ್ರವಾಗಿ ಸ್ಕ್ರೀನ್ ಮೇಲೆ ತೋರಿಸುವುದು ಗ್ರಾಫಿಕ್ಸ್ ಕಾರ್ಡ್. ಇವೆರಡರ ನಡುವೆ ಮಾತು ದಾಟಿಸುವ ದುಭಾಷಿಯೇ ಡ್ರೈವರ್. ದುಭಾಷಿ ಒಂದು ಮಾತು ತಪ್ಪಿದರೆ ಗೆರೆ ಅರ್ಧ ಕಾಣುವುದು, ಮೌಸ್ ಕರ್ಸರ್ ಹಿಂದೆ ಬೀಳುವುದು, ತ್ರೀಡಿ ಮಾಡೆಲ್ ತಿರುಗಿಸಿದಾಗ ಮೇಲ್ಮೈ ಹರಿದಂತೆ ಕಾಣುವುದು, ಕಡೆಗೆ ಪ್ರೋಗ್ರಾಂ ಬಂದ್ ಬೀಳುವುದು ಶುರುವಾಗುತ್ತದೆ.

ವಿಂಡೋಸ್‌ನಲ್ಲಿ ಒಂದು ಕಾವಲು ವ್ಯವಸ್ಥೆಯೂ ಇದೆ. ಗ್ರಾಫಿಕ್ಸ್ ಕಾರ್ಡ್ 2 ಸೆಕೆಂಡಿನೊಳಗೆ ಉತ್ತರ ಕೊಡದಿದ್ದರೆ, ಇಡೀ ಕಂಪ್ಯೂಟರ್ ಸ್ತಬ್ಧವಾಗದಿರಲಿ ಎಂದು ವಿಂಡೋಸ್ ಡ್ರೈವರನ್ನು ಬಂದ್ ಮಾಡಿ ಮತ್ತೆ ಚಾಲೂ ಮಾಡುತ್ತದೆ. ಸ್ಕ್ರೀನ್ ಕಪ್ಪಾಗಿ ಮತ್ತೆ ಬರುವುದಕ್ಕೆ ಎಷ್ಟೋ ಸಲ ಇದೇ ಕಾರಣ. ವಿಂಡೋಸ್ ಸುಧಾರಿಸಿಕೊಳ್ಳುತ್ತದೆ ಖರೆ, ಆದರೆ ಅದರೊಳಗೆ ತೆರೆದಿದ್ದ ಕ್ಯಾಡ್ ಪ್ರೋಗ್ರಾಂ ಎಲ್ಲ ಸಲವೂ ಉಳಿಯುವುದಿಲ್ಲ.

ಒಂದು ಸಮಾಧಾನದ ಸಂಗತಿ ಇದೆ. ಸ್ಕ್ರೀನ್ ಮೇಲೆ ಗೆರೆ ಕಾಣದಿದ್ದರೆ ನಕ್ಷೆಯಲ್ಲಿ ಗೆರೆ ಹೋಗಿದೆ ಎಂದಲ್ಲ. ಸೇವ್ ಮಾಡಿದ ಫೈಲ್‌ನಲ್ಲಿ ಲೆಕ್ಕ ಹಾಗೇ ಇರುತ್ತದೆ. ಹೀಗಾಗಿ “ಗೆರಿ ಕಾಣವಲ್ದು” ಎಂದು ಅದರ ಮೇಲೆ ಇನ್ನೊಂದು ಗೆರೆ ಎಳೆಯಬಾರದು. ಆ ಫೈಲ್ ಪ್ಲಾಸ್ಮಾ ಅಥವಾ ಲೇಸರ್ ಕಟಿಂಗ್‌ಗೆ ಹೋದರೆ ಮಷಿನ್ ಒಂದೇ ಜಾಗದಲ್ಲಿ ಎರಡು ಸಲ ಕತ್ತರಿಸುತ್ತದೆ. ಪ್ಲೇಟ್ ಹಾಳಾದ ನಷ್ಟ ವರ್ಕ್‌ಶಾಪ್‌ನವರದ್ದೇ.

ಮೊದಲು ಡ್ರೈವರ್‌ದೇ ತಪ್ಪೋ, ಕರೆಂಟಿನದೋ ನೋಡಿ

ಕಂಪ್ಯೂಟರ್ ಬಂದ್ ಬಿದ್ದಾಗಲೆಲ್ಲ ಡ್ರೈವರ್ ಮೇಲೆ ಹಾಕುವುದು ಸರಿಯಲ್ಲ. ವೋಲ್ಟೇಜ್ ಏರಿಳಿತ, ಸೋತ ಯುಪಿಎಸ್ ಬ್ಯಾಟರಿ, ಫ್ಯಾನ್‌ನಲ್ಲಿ ತುಂಬಿದ ಧೂಳು, ಕೆಟ್ಟ ರ‍್ಯಾಮ್ ಕೂಡ ಇದೇ ಲಕ್ಷಣ ತೋರಿಸುತ್ತವೆ. ಇದನ್ನು ಬೇರ್ಪಡಿಸಲು ಎರಡು ಸುಲಭ ಪರೀಕ್ಷೆಗಳಿವೆ.

ಒಂದನೆಯದು ವಿಂಡೋಸ್‌ನ ‘ಈವೆಂಟ್ ವ್ಯೂವರ್’. ಅದರಲ್ಲಿ ‘ವಿಂಡೋಸ್ ಲಾಗ್ಸ್’ ಒಳಗೆ ‘ಸಿಸ್ಟಮ್’ ತೆರೆದು, ಕಂಪ್ಯೂಟರ್ ಕೈಕೊಟ್ಟ ಹೊತ್ತಿನ ದಾಖಲೆ ನೋಡಬೇಕು. ‘ಡಿಸ್‌ಪ್ಲೇ’ ಹೆಸರಿನಲ್ಲಿ 4101 ಸಂಖ್ಯೆ ಇದ್ದರೆ ಗ್ರಾಫಿಕ್ಸ್ ಡ್ರೈವರ್ ಉತ್ತರ ಕೊಡದೆ ಮತ್ತೆ ಚಾಲೂ ಆಗಿದೆ ಎಂದರ್ಥ. ‘ಕರ್ನಲ್-ಪವರ್’ ಹೆಸರಿನಲ್ಲಿ 41 ಇದ್ದರೆ ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ಒಮ್ಮೆಲೇ ಬಂದ್ ಆಗಿದೆ ಎಂದರ್ಥ. ಆಗ ಮೊದಲು ಕರೆಂಟ್, ಯುಪಿಎಸ್, ಪವರ್ ಸಪ್ಲೈ ಪರೀಕ್ಷಿಸಬೇಕು. ಇದನ್ನು ನೋಡದೆ ಹೊಸ ಕಾರ್ಡ್ ಹಾಕಿಸಿದರೆ ದುಡ್ಡೂ ಹೋಗುತ್ತದೆ, ತೊಂದರೆಯೂ ಉಳಿಯುತ್ತದೆ.

ಎರಡನೆಯದು ಕ್ಯಾಡ್ ಸಾಫ್ಟ್‌ವೇರ್ ಒಳಗೇ ಇದೆ. ಆಟೋಕ್ಯಾಡ್‌ನಲ್ಲಿ ‘ಗ್ರಾಫಿಕ್ಸ್‌ಕಾನ್ಫಿಗ್’ ಎಂಬ ಕಮಾಂಡ್ ಅನ್ನು ಇಂಗ್ಲಿಷಿನಲ್ಲಿ ಜಾಗ ಬಿಡದೆ ಟೈಪ್ ಮಾಡಿದರೆ ‘ಹಾರ್ಡ್‌ವೇರ್ ಆಕ್ಸಲರೇಷನ್’ ಬಂದ್ ಮಾಡುವ ಆಯ್ಕೆ ಬರುತ್ತದೆ. ಸಾಲಿಡ್‌ವರ್ಕ್ಸ್‌ನಲ್ಲಿ ಯಾವ ಫೈಲೂ ತೆರೆಯದೆ ‘ಆಪ್ಷನ್ಸ್’, ‘ಸಿಸ್ಟಮ್ ಆಪ್ಷನ್ಸ್’, ‘ಪರ್ಫಾರ್ಮೆನ್ಸ್’ಗೆ ಹೋಗಿ ‘ಯೂಸ್ ಸಾಫ್ಟ್‌ವೇರ್ ಓಪನ್‌ಜಿಎಲ್’ಗೆ ಟಿಕ್ ಹಾಕಬೇಕು. ಇಷ್ಟು ಮಾಡಿದರೆ ಚಿತ್ರ ತೋರಿಸುವ ಕೆಲಸದ ಭಾರ ಗ್ರಾಫಿಕ್ಸ್ ಕಾರ್ಡ್‌ನಿಂದ ಪ್ರೊಸೆಸರ್ ಮೇಲೆ ಬೀಳುತ್ತದೆ. ಕೆಲಸ ನಿಧಾನವಾಗುತ್ತದೆ. ಆದರೆ ಬಂದ್ ಬೀಳುವುದು ನಿಂತರೆ ತಪ್ಪು ಕಾರ್ಡ್ ಅಥವಾ ಡ್ರೈವರ್ ಕಡೆಯದು. ನಿಲ್ಲದಿದ್ದರೆ ಬೇರೆಡೆ ಹುಡುಕಬೇಕು. ನಕ್ಷೆ ಇವತ್ತೇ ಕೊಡಬೇಕಾದ ತುರ್ತು ಇದ್ದರೆ ಈ ಸ್ಥಿತಿಯಲ್ಲೇ ಕೆಲಸ ಮುಗಿಸಿಕೊಳ್ಳಬಹುದು, ರಿಪೇರಿ ನಾಳೆ ಮಾಡಿದರಾಯಿತು.

ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಬಂದ್ ಬಿದ್ದರೆ ಯಾವ ಡ್ರೈವರೂ ಖಾತ್ರಿ ಕೊಡುವುದಿಲ್ಲ. ಆಟೋಕ್ಯಾಡ್ ತಯಾರಿಸುವ ಆಟೋಡೆಸ್ಕ್ ಕಂಪನಿ ವಿದ್ಯಾರ್ಥಿಗಳಿಗೆ ಕಲಿಕೆಗಾಗಿ ಒಂದು ವರ್ಷದ ಉಚಿತ ಪರವಾನಗಿ ಕೊಡುತ್ತದೆ. ಓದುತ್ತಿರುವವರೆಗೆ ಅದನ್ನು ನವೀಕರಿಸಿಕೊಳ್ಳಬಹುದು. ನಿಡಸೋಸಿಯ ಹಿರಾಶುಗರ್ ಇಂಜಿನಿಯರಿಂಗ್ ಕಾಲೇಜಿನಂಥ ಕಡೆ ಓದುವ ಮಕ್ಕಳು ಕಳ್ಳ ಪ್ರತಿ ಹಾಕಿಕೊಳ್ಳುವ ಅಗತ್ಯವೇ ಇಲ್ಲ.

ಹೊಸದೆಲ್ಲ ಒಳ್ಳೆಯದಲ್ಲ, ಯಾಕೆ?

ಗ್ರಾಫಿಕ್ಸ್ ಕಾರ್ಡ್ ಕಂಪನಿಗಳ ದೊಡ್ಡ ಗಿರಾಕಿ ಎಂದರೆ ಗೇಮ್ ಆಡುವವರು. ಹೊಸ ಗೇಮ್ ಬಂದ ದಿನವೇ ಅದು ಚೆನ್ನಾಗಿ ಓಡಲಿ ಎಂದು ಅವಸರದಲ್ಲಿ ಹೊಸ ಡ್ರೈವರ್ ಬಿಡುತ್ತಾರೆ. ಆ ಬದಲಾವಣೆಯಿಂದ ಮನೆ ನಕ್ಷೆ ಬಿಡಿಸುವವರಿಗೆ ಲಾಭವೇನೂ ಇಲ್ಲ. ಜೊತೆಗೆ ಹೊಸ ದೋಷ ಬಂದರೆ ಅದನ್ನು ಮಾತ್ರ ಅವರೂ ಅನುಭವಿಸಬೇಕು.

ಇಂಥ ಉದಾಹರಣೆಗಳು ಹಳೆಯವೂ ಇವೆ, ಹೊಸವೂ ಇವೆ. 2010ರ ಮಾರ್ಚ್‌ನಲ್ಲಿ ಎನ್‌ವಿಡಿಯಾ ತನ್ನ 196.75 ಡ್ರೈವರನ್ನು ಹಿಂದಕ್ಕೆ ಪಡೆಯಿತು. ಅದನ್ನು ಹಾಕಿದ ಮೇಲೆ ಫ್ಯಾನ್ ಸರಿಯಾಗಿ ತಿರುಗದೆ ಕಾರ್ಡ್ ವಿಪರೀತ ಬಿಸಿಯಾಗುತ್ತಿದೆ ಎಂಬ ದೂರು ಬಂದಿದ್ದವು. 2025ರ ಆರಂಭದಲ್ಲಿ ಬಂದ 572 ಸರಣಿಯ ಡ್ರೈವರ್‌ಗಳಲ್ಲಿ ಸ್ಕ್ರೀನ್ ಕಪ್ಪಾಗುವ ತೊಂದರೆ ಹಲವರಿಗೆ ಕಾಣಿಸಿತು. ಏಪ್ರಿಲ್‌ನಲ್ಲಿ ಬಂದ 576.02ರಲ್ಲಿ ಅಂಥ ಅನೇಕ ದೋಷಗಳನ್ನು ಕಂಪನಿ ಸರಿಪಡಿಸಿತು. ಆ ತಿಂಗಳುಗಳಲ್ಲಿ ಹಳೆಯ, ನೆಟ್ಟಗಿದ್ದ ಡ್ರೈವರ್ ಇಟ್ಟುಕೊಂಡವರ ಕೆಲಸ ನಿಲ್ಲಲಿಲ್ಲ.

ಯಾವ ಕಾರ್ಡ್‌ಗೆ ಯಾವುದು?

* ಎನ್‌ವಿಡಿಯಾ ಜಿಫೋರ್ಸ್ (ಜಿಟಿಎಕ್ಸ್, ಆರ್‌ಟಿಎಕ್ಸ್): ಇದಕ್ಕೆ ಎರಡು ಬಗೆಯ ಡ್ರೈವರ್ ಸಿಗುತ್ತವೆ. ‘ಗೇಮ್ ರೆಡಿ’ ಗೇಮ್ ಆಡುವವರಿಗೆ. ‘ಸ್ಟುಡಿಯೋ’ ಡಿಸೈನ್, ವಿಡಿಯೊ ಎಡಿಟಿಂಗ್ ಮಾಡುವವರಿಗೆ. 2019ರಲ್ಲಿ ಶುರುವಾದ ಸ್ಟುಡಿಯೋ ಡ್ರೈವರ್‌ಗಳನ್ನು ಇಂಥ ಸಾಫ್ಟ್‌ವೇರ್‌ಗಳ ಮೇಲೆ ಹೆಚ್ಚು ಪರೀಕ್ಷಿಸಿ ಬಿಡುತ್ತಾರೆ. ಕ್ಯಾಡ್ ಕೆಲಸಕ್ಕೆ ಸ್ಟುಡಿಯೋ ಆರಿಸಿ.
* ಎನ್‌ವಿಡಿಯಾ ಕ್ವಾಡ್ರೊ ಮತ್ತು ವೃತ್ತಿಪರ ಆರ್‌ಟಿಎಕ್ಸ್: ಇದರಲ್ಲಿ ‘ಪ್ರೊಡಕ್ಷನ್ ಬ್ರಾಂಚ್’ ಮತ್ತು ‘ನ್ಯೂ ಫೀಚರ್ ಬ್ರಾಂಚ್’ ಎಂದು ಎರಡು ದಾರಿ. ಕೆಲಸದ ಕಂಪ್ಯೂಟರ್‌ಗೆ ಪ್ರೊಡಕ್ಷನ್ ಬ್ರಾಂಚ್.
* ಎಎಂಡಿ ರೇಡಿಯಾನ್: ‘ರೆಕಮಂಡೆಡ್’ ಎಂದು ಬರೆದದ್ದನ್ನು ಹಾಕಿ, ‘ಆಪ್ಷನಲ್’ ಎಂದಿದ್ದನ್ನು ಬಿಡಿ. ರೇಡಿಯಾನ್ ಪ್ರೊ ಕಾರ್ಡ್ ಇದ್ದರೆ ‘ಪ್ರೊ ಎಡಿಷನ್’ ಹಾಕಿ.
* ಲ್ಯಾಪ್‌ಟಾಪ್: ಮೊದಲು ಡೆಲ್, ಎಚ್‌ಪಿ, ಲೆನೊವೊ ಹೀಗೆ ಆ ಕಂಪನಿಯ ಸಪೋರ್ಟ್ ಪುಟದಲ್ಲಿ ಮಾಡೆಲ್ ನಂಬರ್ ಹಾಕಿ ಸಿಗುವ ಡ್ರೈವರ್ ನೋಡಿ. ಒಂದೇ ಲ್ಯಾಪ್‌ಟಾಪ್‌ನಲ್ಲಿ ಇಂಟೆಲ್ ಮತ್ತು ಎನ್‌ವಿಡಿಯಾ ಎರಡೂ ಇದ್ದರೆ, ವಿಂಡೋಸ್ ಸೆಟ್ಟಿಂಗ್ಸ್‌ನ ‘ಡಿಸ್‌ಪ್ಲೇ’, ‘ಗ್ರಾಫಿಕ್ಸ್’ ಒಳಗೆ ಆಟೋಕ್ಯಾಡ್ ಸೇರಿಸಿ ‘ಹೈ ಪರ್ಫಾರ್ಮೆನ್ಸ್’ ಆರಿಸಬೇಕು. ಇಲ್ಲದಿದ್ದರೆ ದುಡ್ಡು ಕೊಟ್ಟು ತಂದ ಕಾರ್ಡ್ ಸುಮ್ಮನೆ ಕುಳಿತಿರುತ್ತದೆ.

ಪರೀಕ್ಷಿಸಿದ ಡ್ರೈವರ್‌ಗಳ ಪಟ್ಟಿ ಪುಕ್ಕಟೆ ಸಿಗುತ್ತದೆ

ಸಾಲಿಡ್‌ವರ್ಕ್ಸ್ ಮತ್ತು ಆಟೋಡೆಸ್ಕ್ ಕಂಪನಿಗಳು ಯಾವ ಕಾರ್ಡ್, ಯಾವ ವಿಂಡೋಸ್, ಯಾವ ವರ್ಷದ ಸಾಫ್ಟ್‌ವೇರ್, ಯಾವ ನಂಬರಿನ ಡ್ರೈವರ್ ಎಂದು ಜೋಡಿಸಿ ಪರೀಕ್ಷಿಸಿ, ಪಾಸಾದವುಗಳ ಪಟ್ಟಿಯನ್ನು ತಮ್ಮ ಅಧಿಕೃತ ಪುಟದಲ್ಲಿ ಇಟ್ಟಿರುತ್ತವೆ. ‘ಸರ್ಟಿಫೈಡ್ ಗ್ರಾಫಿಕ್ಸ್ ಹಾರ್ಡ್‌ವೇರ್’ ಎಂದು ಹುಡುಕಿದರೆ ಸಿಗುತ್ತದೆ. ನೋಡಲು ದುಡ್ಡು ಬೇಕಿಲ್ಲ.

ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ತಯಾರಿಸುವ ವಿಶೇಷ ಆರ್ಥಿಕ ವಲಯವಿದೆ. ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಫೌಂಡ್ರಿ, ಮಷಿನ್ ಶಾಪ್‌ಗಳಿವೆ. ಇಂಥ ಕಡೆಯ ಕೆಲಸ ಹಿಡಿಯಬೇಕೆನ್ನುವ ಸಣ್ಣ ವರ್ಕ್‌ಶಾಪ್‌ಗಳು ತ್ರೀಡಿ ಮಾಡೆಲ್‌ಗಳನ್ನು ತೆರೆಯಲೇಬೇಕು. ಅಂಥವರು ಕಾರ್ಡ್ ಕೊಳ್ಳುವ ಮೊದಲೇ ಈ ಪಟ್ಟಿ ನೋಡುವುದು ಒಳ್ಳೆಯದು. ಸಾಲಿಡ್‌ವರ್ಕ್ಸ್ ಪಟ್ಟಿಯಲ್ಲಿ ಇರುವವು ಮುಖ್ಯವಾಗಿ ಕ್ವಾಡ್ರೊ, ರೇಡಿಯಾನ್ ಪ್ರೊನಂಥ ವೃತ್ತಿಪರ ಕಾರ್ಡ್‌ಗಳು. ಗೇಮಿಂಗ್ ಕಾರ್ಡ್ ಮೇಲೆ ಸಾಲಿಡ್‌ವರ್ಕ್ಸ್ ಓಡುತ್ತದೆ. ಆದರೆ ತೊಂದರೆ ಬಂದರೆ ಕಂಪನಿ ಜವಾಬ್ದಾರಿ ಹೊರುವುದಿಲ್ಲ. ‘ರಿಯಲ್‌ವ್ಯೂ’ ಎಂಬ ಸೌಲಭ್ಯವನ್ನೂ ಅಧಿಕೃತವಾಗಿ ಕೊಟ್ಟಿರುವುದು ವೃತ್ತಿಪರ ಕಾರ್ಡ್‌ಗಳಿಗೆ ಮಾತ್ರ. ಬರೀ ಎರಡು ಆಯಾಮದ ಮನೆ ನಕ್ಷೆ ಬಿಡಿಸುವವರಿಗೆ ಇಷ್ಟು ದೊಡ್ಡ ಕಾರ್ಡ್ ಬೇಕಾಗುವುದಿಲ್ಲ.

ಈಗಿರುವ ಡ್ರೈವರ್ ಯಾವುದು? ಹಿಂದಕ್ಕೆ ಹೋಗುವುದು ಹೇಗೆ?

‘ಡಿವೈಸ್ ಮ್ಯಾನೇಜರ್’ ತೆರೆದು ‘ಡಿಸ್‌ಪ್ಲೇ ಅಡಾಪ್ಟರ್ಸ್’ ಒಳಗೆ ಕಾರ್ಡ್ ಹೆಸರಿನ ಮೇಲೆ ಡಬಲ್ ಕ್ಲಿಕ್ ಮಾಡಿ ‘ಡ್ರೈವರ್’ ಎಂಬಲ್ಲಿ ನೋಡಿದರೆ ನಂಬರ್ ಕಾಣುತ್ತದೆ. ಎನ್‌ವಿಡಿಯಾ ಕಾರ್ಡ್ ಇದ್ದರೆ ಅಲ್ಲಿ 31.0.15.3699 ಎಂಬಂತೆ ಉದ್ದದ ನಂಬರ್ ಇರುತ್ತದೆ. ಅದರ ಕೊನೆಯ ಐದು ಅಂಕಿ ಹಿಡಿಯಿರಿ: 53699. ಮೂರು ಅಂಕಿ ಆದ ಮೇಲೆ ಚುಕ್ಕಿ ಇಟ್ಟರೆ 536.99. ಅದೇ ಡ್ರೈವರ್‌ನ ಅಸಲಿ ನಂಬರ್.

ಹೊಸ ಡ್ರೈವರ್ ಹಾಕಿದ ಮೇಲೆ ತೊಂದರೆ ಶುರುವಾಗಿದ್ದರೆ ಅಲ್ಲೇ ಇರುವ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿದರೆ ಹಿಂದಿನದು ವಾಪಸ್ ಬರುತ್ತದೆ. ಆ ಬಟನ್ ಮಂಕಾಗಿದ್ದರೆ ಕಂಪ್ಯೂಟರ್‌ನಲ್ಲಿ ಹಳೆಯ ಡ್ರೈವರ್ ಉಳಿದಿಲ್ಲ ಎಂದರ್ಥ. ಆಗ ಬೇಕಾದ ಡ್ರೈವರನ್ನು ಮೊದಲು ಡೌನ್‌ಲೋಡ್ ಮಾಡಿ ಇಟ್ಟುಕೊಂಡು, ಎನ್‌ವಿಡಿಯಾ ಇನ್‌ಸ್ಟಾಲರ್‌ನಲ್ಲಿ ‘ಕಸ್ಟಮ್’ ಆರಿಸಿ ‘ಕ್ಲೀನ್ ಇನ್‌ಸ್ಟಾಲೇಷನ್’ಗೆ ಟಿಕ್ ಹಾಕಿ ಹಾಕಬೇಕು. ಎಎಂಡಿಯವರಿಗೆ ಕಂಪನಿಯದೇ ‘ಕ್ಲೀನಪ್ ಯುಟಿಲಿಟಿ’ ಇದೆ. ಅದಕ್ಕೂ ಬಗ್ಗದಿದ್ದರೆ ‘ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್’ ಎಂಬ ಉಚಿತ ಟೂಲ್‌ನಿಂದ ಸೇಫ್ ಮೋಡ್‌ನಲ್ಲಿ ಹಳೆಯದನ್ನು ಪೂರ್ತಿ ತೆಗೆಯಬಹುದು. ಈ ಕೆಲಸಕ್ಕೆ ಮೊದಲು ನಕ್ಷೆಗಳ ಬ್ಯಾಕಪ್ ತೆಗೆದು ‘ರಿಸ್ಟೋರ್ ಪಾಯಿಂಟ್’ ಮಾಡಿಡುವುದನ್ನು ಮರೆಯಬಾರದು.

ಡ್ರೈವರ್ ಹುಡುಕುವಾಗ ‘ಡ್ರೈವರ್ ಅಪ್‌ಡೇಟರ್’, ‘ಒಂದೇ ಕ್ಲಿಕ್‌ನಲ್ಲಿ ಎಲ್ಲ ಸರಿ’ ಎನ್ನುವ ಜಾಹೀರಾತುಗಳ ತಂಟೆಗೆ ಹೋಗಬ್ಯಾಡ್ರಿ. ಎನ್‌ವಿಡಿಯಾ, ಎಎಂಡಿ, ಇಂಟೆಲ್ ಅಥವಾ ಲ್ಯಾಪ್‌ಟಾಪ್ ಕಂಪನಿಯ ಅಧಿಕೃತ ಪುಟ ಬಿಟ್ಟು ಬೇರೆಡೆಯಿಂದ ಡ್ರೈವರ್ ಇಳಿಸಿಕೊಳ್ಳಬಾರದು.

ವಿಂಡೋಸ್ ತಾನಾಗಿ ಬದಲಿಸದಂತೆ ತಡೆಯಿರಿ

ಸರಿಯಾದ ಡ್ರೈವರ್ ಹಾಕಿಸಿಕೊಂಡು ಹೋದ ಗಿರಾಕಿ ಹದಿನೈದು ದಿನಕ್ಕೆ ಮತ್ತೆ ಬರುತ್ತಾನೆ: “ಏನೂ ಮುಟ್ಟಿಲ್ರಿ, ಮತ್ತ ಹಂಗ ಆಗಾಕತ್ತೈತಿ.” ಅವನು ಮುಟ್ಟಿರುವುದಿಲ್ಲ ಖರೆ, ವಿಂಡೋಸ್ ಅಪ್‌ಡೇಟ್ ಮುಟ್ಟಿರಬಹುದು. ವಿಂಡೋಸ್ ಪ್ರೊ ಇದ್ದವರು ‘ಗ್ರೂಪ್ ಪಾಲಿಸಿ’ಯಲ್ಲಿ ವಿಂಡೋಸ್ ಅಪ್‌ಡೇಟ್ ಜೊತೆ ಡ್ರೈವರ್ ಬಾರದಂತೆ ಮಾಡಬಹುದು. ಹೋಮ್ ಆವೃತ್ತಿಯಲ್ಲಿ ಈ ಸೌಲಭ್ಯ ಇಲ್ಲ. ಅವರು ‘ಡಿವೈಸ್ ಇನ್‌ಸ್ಟಾಲೇಷನ್ ಸೆಟ್ಟಿಂಗ್ಸ್’ನಲ್ಲಿ ‘ನೋ’ ಆರಿಸಿ, ‘ಆಪ್ಷನಲ್ ಅಪ್‌ಡೇಟ್ಸ್’ನಲ್ಲಿ ಕಾಣುವ ಗ್ರಾಫಿಕ್ಸ್ ಡ್ರೈವರ್‌ಗೆ ಟಿಕ್ ಹಾಕದೆ ಬಿಡಬೇಕು. ಇದರಿಂದ ಪೂರ್ತಿ ತಡೆ ಆಗದಿದ್ದರೂ ತೊಂದರೆ ಕಡಿಮೆಯಾಗುತ್ತದೆ.

ಹಳೆಯ ಕಾರ್ಡ್, ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವವರು ಗಮನಿಸಿ

ಕಡಿಮೆ ಬೆಲೆಗೆ ಸಿಗುತ್ತದೆ ಎಂದು ಹಳೆಯ ಕಾರ್ಡ್ ಹಾಕಿಸುವವರು ಅದಕ್ಕೆ ಡ್ರೈವರ್ ಎಲ್ಲಿಯವರೆಗೆ ಬರುತ್ತದೆ ಎಂದೂ ಕೇಳಬೇಕು. ಜಿಟಿ 710ರಂಥ ಹಳೆಯ ಪೀಳಿಗೆಯ ಕಾರ್ಡ್‌ಗಳಿಗೆ ಎನ್‌ವಿಡಿಯಾದ 470 ಸರಣಿಯೇ ಕೊನೆ. ಅದರ ಭದ್ರತಾ ಅಪ್‌ಡೇಟ್‌ಗಳೂ 2024ರಲ್ಲಿ ಮುಗಿದವು. ಜಿಟಿಎಕ್ಸ್ 750 ಟಿಐ, ಜಿಟಿಎಕ್ಸ್ 1050 ಟಿಐ ಇರುವ ಪೀಳಿಗೆಗಳಿಗೆ 580 ಸರಣಿಯೇ ಕೊನೆಯದು ಎಂದು ಕಂಪನಿ 2025ರಲ್ಲಿ ಪ್ರಕಟಿಸಿತು. ಅವುಗಳಿಗೆ ಅದೇ ವರ್ಷದ ಅಕ್ಟೋಬರ್ ನಂತರ ಮಾಮೂಲಿ ಅಪ್‌ಡೇಟ್ ಇಲ್ಲ, ಮೂರು ತಿಂಗಳಿಗೊಮ್ಮೆ ಭದ್ರತಾ ಅಪ್‌ಡೇಟ್ ಮಾತ್ರ 2028ರ ಅಕ್ಟೋಬರ್‌ವರೆಗೆ ಬರುತ್ತದೆ.

ಹಾಗೆಂದು ಈ ಕಾರ್ಡ್‌ಗಳು ಇವತ್ತೇ ಕೆಲಸಕ್ಕೆ ಬಾರದವು ಎಂದಲ್ಲ. ಈಗಿರುವ ಆಟೋಕ್ಯಾಡ್ ಅದರ ಮೇಲೆ ನೆಟ್ಟಗೆ ಓಡುತ್ತಿದ್ದರೆ ಓಡಲಿ. ಆದರೆ ಮುಂದೆ ಹೊಸ ಆವೃತ್ತಿಯ ಕ್ಯಾಡ್ ಹಾಕಿದಾಗ ಅದಕ್ಕೆ ಹೊಂದುವ ಡ್ರೈವರ್ ಸಿಗದೆ ಹೋಗಬಹುದು. ಇನ್ನೊಂದು ಎಚ್ಚರಿಕೆ: ಹಳೆಯ ಚಿಪ್‌ಗೆ ಹೊಸ ಕಾರ್ಡ್‌ನ ಹೆಸರು ತುಂಬಿಸಿ ಮಾರುವ ಮೋಸವೂ ಮಾರುಕಟ್ಟೆಯಲ್ಲಿದೆ. ಅಂಥ ಕಾರ್ಡ್‌ಗೆ ಅಧಿಕೃತ ಡ್ರೈವರ್ ಸರಿಯಾಗಿ ಕೂರುವುದಿಲ್ಲ. ‘ಜಿಪಿಯು-ಝಡ್’ ಎಂಬ ಉಚಿತ ಟೂಲ್ ಅಂಥ ನಕಲಿ ಎನ್‌ವಿಡಿಯಾ ಕಾರ್ಡ್‌ಗಳನ್ನು ಗುರುತಿಸಿ ತೋರಿಸುತ್ತದೆ. ದುಡ್ಡು ಕೊಡುವ ಮುನ್ನ ಅಂಗಡಿಯಲ್ಲೇ ಅದನ್ನು ಓಡಿಸಿ ನೋಡಿ.

ಹಾಗಾದರೆ ಯಾವಾಗ ಬದಲಿಸಬೇಕು?

ಡ್ರೈವರ್ ಎಂದೂ ಬದಲಿಸಲೇಬಾರದು ಎನ್ನುವುದೂ ತಪ್ಪು. ಹಳೆಯ ಡ್ರೈವರ್‌ಗಳಲ್ಲಿ ಭದ್ರತೆಯ ಲೋಪಗಳು ಪತ್ತೆಯಾಗುತ್ತವೆ. ಇಂಟರ್‌ನೆಟ್ ಇರುವ ಕಂಪ್ಯೂಟರ್‌ಗೆ ಅದು ಅಪಾಯ. ಕ್ಯಾಡ್‌ನ ಹೊಸ ಆವೃತ್ತಿ ಹಾಕಿದಾಗ, ತಮಗಿರುವ ತೊಂದರೆಯನ್ನೇ ಸರಿಪಡಿಸಿದ್ದೇವೆ ಎಂದು ಕಂಪನಿ ತನ್ನ ಟಿಪ್ಪಣಿಯಲ್ಲಿ ಬರೆದಾಗ, ಅಥವಾ ಭದ್ರತಾ ಅಪ್‌ಡೇಟ್ ಬಂದಾಗ ಬದಲಿಸಬೇಕು. ಬರೀ ‘ಹೊಸದು ಬಂದಿದೆ’ ಎಂಬ ಸಂದೇಶ ಕಂಡಿತು ಎಂದು ಬದಲಿಸಬೇಕಿಲ್ಲ.

ಹೊತ್ತು ನೋಡಿ ಮಾಡುವುದೂ ಮುಖ್ಯ. ಧಬಧಬೆಯ ನೀರಿನ ಬಲದಿಂದ ಗಿರಣಿ ನಡೆಸಿದ ಊರಿದು. ನಡೆಯುವ ಮಷಿನ್‌ಗೆ ಪಾಳಿಯ ನಡುವೆ ಕೈ ಹಾಕಬಾರದು ಎಂದು ಇಲ್ಲಿಯವರಿಗೆ ಹೇಳಿಕೊಡಬೇಕಿಲ್ಲ. ನಗರಸಭೆಗೋ ಪುರಸಭೆಗೋ ನಕ್ಷೆ ಸಲ್ಲಿಸಬೇಕಾದ ಹಿಂದಿನ ದಿನ, ಸಕ್ಕರೆ ಕಾರ್ಖಾನೆಯ ಹಂಗಾಮಿನ ಕೆಲಸ ಕೈಯಲ್ಲಿದ್ದಾಗ ಡ್ರೈವರ್ ಮುಟ್ಟಬಾರದು. ಕೆಲಸ ಒಪ್ಪಿಸಿದ ಮೇಲೆ, ಒಂದಕ್ಕಿಂತ ಹೆಚ್ಚು ಕಂಪ್ಯೂಟರ್ ಇದ್ದರೆ ಮೊದಲು ಒಂದಕ್ಕೆ ಮಾತ್ರ ಹಾಕಿ, ನಾಲ್ಕು ದಿನ ದೊಡ್ಡ ಫೈಲ್‌ಗಳ ಮೇಲೆ ಕೆಲಸ ಮಾಡಿ ನೋಡಿ, ಆಮೇಲೆ ಉಳಿದವಕ್ಕೆ ಹಾಕಬೇಕು.

ಅಂಗಡಿಯವರು ಮಾಡಬಹುದಾದ ಮೂರು ಕೆಲಸ

1. ರಿಪೇರಿ ಬಿಲ್‌ನಲ್ಲಿ ಕಾರ್ಡ್ ಹೆಸರು, ವಿಂಡೋಸ್ ಆವೃತ್ತಿ, ಹಾಕಿದ ಡ್ರೈವರ್ ನಂಬರ್, ತಾರೀಖು ಬರೆಯಿರಿ. ಗಿರಾಕಿ ಮತ್ತೆ ಬಂದಾಗ ಏನು ಬದಲಾಗಿದೆ ಎಂದು ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ.
2. ಚೆನ್ನಾಗಿ ಓಡಿದ ಡ್ರೈವರ್‌ನ ಇನ್‌ಸ್ಟಾಲರ್ ಫೈಲ್ ಅಳಿಸಬೇಡಿ. ಗಿರಾಕಿಯ ಪೆನ್‌ಡ್ರೈವ್‌ಗೂ ಒಂದು ಪ್ರತಿ ಹಾಕಿಕೊಡಿ. ಈ ಫೈಲ್‌ಗಳು ದೊಡ್ಡವು. ಹಳ್ಳಿಯಲ್ಲಿ ನೆಟ್‌ವರ್ಕ್ ಸಿಗದ ದಿನ ಆ ಪೆನ್‌ಡ್ರೈವೇ ಕೆಲಸಕ್ಕೆ ಬರುತ್ತದೆ.
3. “ಏನು ಸಾಫ್ಟ್‌ವೇರ್ ಬಳಸ್ತೀರಿ?” ಎಂದು ಕೇಳದೆ ಕಾರ್ಡ್ ಮಾರಬೇಡಿ. ಗೇಮ್ ಆಡುವ ಹುಡುಗನಿಗೆ ಒಳ್ಳೆಯದಾದ ಕಾರ್ಡ್ ವರ್ಕ್‌ಶಾಪ್‌ಗೂ ಒಳ್ಳೆಯದೇ ಆಗಬೇಕೆಂದಿಲ್ಲ.

ನಕ್ಷೆ ಬಿಡಿಸುವವರು ಇಷ್ಟು ಮಾಡಿ

ಆಟೋಕ್ಯಾಡ್ ಸಾಮಾನ್ಯವಾಗಿ 10 ನಿಮಿಷಕ್ಕೊಮ್ಮೆ ತಾನೇ ಒಂದು ಪ್ರತಿ ಉಳಿಸಿಕೊಳ್ಳುತ್ತದೆ. ‘ಆಪ್ಷನ್ಸ್’ನ ‘ಓಪನ್ ಆ್ಯಂಡ್ ಸೇವ್’ನಲ್ಲಿ ಅದನ್ನು 5 ನಿಮಿಷಕ್ಕೆ ಇಳಿಸಿಕೊಳ್ಳಬಹುದು. ಪ್ರೋಗ್ರಾಂ ಬಂದ್ ಬಿದ್ದ ಮೇಲೆ ಗಾಬರಿಯಾಗಿ ಹೊಸದಾಗಿ ಬಿಡಿಸಲು ಕೂರುವ ಮೊದಲು ‘ಡ್ರಾಯಿಂಗ್ ರಿಕವರಿ ಮ್ಯಾನೇಜರ್’ ತೆರೆದು ನೋಡಬೇಕು. ಎಷ್ಟೋ ಸಲ ಕೆಲಸದ ಬಹುಪಾಲು ಅಲ್ಲಿ ಸಿಗುತ್ತದೆ.

ಒಂದು ಡ್ರೈವರ್ ತಿಂಗಳುಗಟ್ಟಲೆ ತಂಟೆ ಇಲ್ಲದೆ ಓಡುತ್ತಿದ್ದರೆ ಅದರ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಸಿಪಿಯು ಮೇಲೆ ಅಂಟಿಸಿಡಿ. ಮುಂದಿನ ಸಲ ಅಂಗಡಿಗೆ ಹೋದಾಗ “ಹೊಸಾದ ಹಾಕ್ರಿ” ಅನ್ನುವ ಬದಲು “ಇದನ್ನ ಹಾಕ್ರಿ” ಎಂದು ಆ ಚೀಟಿ ತೋರಿಸಬಹುದು.